ಯೆಫ್ತಾಹನ ಮಗಳೂ ನಮ್ಮ ನೀಲಕ್ಕನೂ

‘ಕೊಟ್ಟ ಮಾತಿಗೆ ತಪ್ಪದ ಮನುಷ್ಯ’ ಅಂತ ಯಾರಾದರೂ ಯಾರನ್ನಾದರೂ ಹೊಗಳಿದರೆ ನನಗೆ ಸುಮ್ಮನೆ ಕೂಡಲಾಗುವುದಿಲ್ಲ. ‘ಏನು ಕೊಟ್ಟಿದ್ದ? ತನ್ನದೇನಾದರೂ ಕೊಟ್ಟಿದ್ದನೋ, ಮಂದೀದು ತೆಗೆದು ಕೊಟ್ಟಿದ್ದನೋ?’ ಎಂದು ಬಾಯಿ ತಾನಾಗಿಯೇ ಕೇಳಿಬಿಡುತ್ತದೆ. ಮೊನ್ನೆ ಓಣಿಯಲ್ಲಿ ಒಬ್ಬ ಬಸುರಿಯ ಕುಬಸದ ಊಟ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತಮ್ಮ ಅಜ್ಜ ಎಂಥ ಮಾತಿನ ಮನುಷ್ಯರಾಗಿದ್ದರು ಎಂದು ಶುರು ಮಾಡಿದರು. ಸ್ನೇಹಿತನಿಗೆ ಮಾತು ಕೊಟ್ಟಿದ್ದರಂತೆ, ಹುಡುಗನಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದ ಮೇಲೂ ಮಗಳನ್ನು ಕೊಟ್ಟೇ ಬಿಟ್ಟರಂತೆ. ‘ಹಾಗಾದರೆ ಮಾತಿನ ಮನುಷ್ಯರು ಅಜ್ಜನೋ, ಜನ್ಮವೆಲ್ಲ ಅದನ್ನು ನಡೆಸಿದ ಆ ಮಗಳೋ?’ ಎಂದೆ. ಅವರ ಕೈಯ ಹೋಳಿಗೆ ಅಲ್ಲೇ ನಿಂತಿತು. ಸೊಸೆ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು. ವಯಸ್ಸಾದ ಮೇಲೆ ಮನುಷ್ಯರು ತಣ್ಣಗಾಗುತ್ತಾರೆ ಅಂತಾರೆ. ನಾನು ಆಗಲಿಲ್ಲ, ಏನು ಮಾಡಲಿ.

ಈ ಸಿಟ್ಟು ನನಗೆ ಎಲ್ಲಿಂದ ಬಂತು ಎಂದು ಕೇಳಿದರೆ ನೀವು ನಗುತ್ತೀರಿ. ಇಸ್ರಾಯೇಲ್ಯರಿಂದ ಬಂತು. ನಾವು ಲಿಂಗ ಕಟ್ಟಿಕೊಂಡವರು. ಊರು ಜಹೀರಾಬಾದ, ಕಾಲ ನಿಜಾಮರದು. ಸರಕಾರಿ ಶಾಲೆಯಲ್ಲಿ ಎಲ್ಲವೂ ಉರ್ದು; ಕನ್ನಡ ಅಕ್ಷರ ಬೇಕೆಂದರೆ ಕ್ರಿಸ್ತಿಯವರ ಕಂಪೌಂಡಿನ ಸಣ್ಣ ಶಾಲೆಗೆ ಹೋಗಬೇಕು. ಹಿರಿಯವಳು ನೀಲಕ್ಕ ರೊಟ್ಟಿ ಬಡಿಯಲು ಮನೆಯಲ್ಲಿ ಬೇಕಾಗಿದ್ದಳು. ನಾನು ಯಾವ ಕೆಲಸಕ್ಕೂ ಬಾರದವಳಾದ್ದರಿಂದ ನನ್ನನ್ನು ಶಾಲೆಗೆ ಹಾಕಿದರು. ವಿದ್ಯೆಗೆ ನನ್ನ ಯೋಗ್ಯತೆ ಅಷ್ಟೇ ಇದ್ದದ್ದು.

ಅಲ್ಲಿ ಸುಗುಣಮ್ಮ ಎಂಬ ಟೀಚರು. ಬೀದರ ಕಡೆಯವರು. ವಾರಕ್ಕೊಂದು ದಿನ ಸತ್ಯವೇದದ, ಅಂದರೆ ಬೈಬಲ್ಲಿನ, ಪಾಠ, ಅದೂ ಕಥೆಯ ರೂಪದಲ್ಲಿ. ಆ ವರ್ಷ ನಮಗೆ ಬಂದದ್ದು ಇಸ್ರಾಯೇಲ್ಯರಿಗೆ ಇನ್ನೂ ರಾಜ ಇಲ್ಲದಿದ್ದ ಕಾಲ. ಒಬ್ಬ ತಂದೆಯ ಹನ್ನೆರಡು ಮಕ್ಕಳು, ಅವರಿಂದ ಹನ್ನೆರಡು ಕುಲ; ಒಂದೊಂದು ಕುಲಕ್ಕೆ ಒಂದೊಂದು ಸೀಮೆ. ನನಗೆ ಇದು ತಿಳಿಯಲು ಒಂದು ಗಳಿಗೆಯೂ ಹಿಡಿಯಲಿಲ್ಲ. ನಮ್ಮ ಓಣಿಯೇ ಹಾಗಿತ್ತಲ್ಲ! ಒಬ್ಬ ಮುತ್ಯಾನ ಮೊಮ್ಮಕ್ಕಳು, ಗೋಡೆಗೆ ಗೋಡೆ ಹಚ್ಚಿದ ಮನೆಗಳು, ನಡುವೆ ಒಂದು ಬಾವಿ, ಬಾವಿಯ ಹಗ್ಗಕ್ಕೆ ದಿನಾ ಜಗಳ. ಹೊರಗಿನವ ಬಂದು ಒಬ್ಬನ ಮೇಲೆ ಕೈ ಮಾಡಿದರೆ ಮಾತ್ರ ಎಲ್ಲರೂ ಒಂದು. ಅವನು ಹೋದ ಮೇಲೆ ಮತ್ತೆ ಹಗ್ಗ.

ಗಿದ್ಯೋನನೆಂಬ ಗಂಡಸು ಬೆಳೆ ದೋಚಲು ಬರುವ ಮಿದ್ಯಾನರ ಕಣ್ಣು ತಪ್ಪಿಸಿ ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಕೂತು ಗೋಧಿ ಬಡಿಯುತ್ತಿದ್ದನಂತೆ. ‘ಯಾಕ ಹೇಳ್ರಿ?’ ಎಂದು ಟೀಚರು ಕೇಳಿದರೆ ಇಡೀ ತರಗತಿ ಕೈ ಎತ್ತಿತು. ಆಗ ದೊಡ್ಡ ಯುದ್ಧದ ಕಾಲ. ಕಾಳು ಎತ್ತಿಕೊಂಡು ಹೋಗುವ ಸರಕಾರದ ಲೆವಿಗೆ ಹೆದರಿ ಅರ್ಧ ಊರು ಜೋಳವನ್ನು ಹಗೇವಿನ ತೆಗ್ಗಿನಲ್ಲಿ ಮುಚ್ಚಿ ಮೇಲೆ ದನ ಕಟ್ಟಿತ್ತು. ಹಾಗೆಯೇ ದೆಬೋರಳೆಂಬ ಹೆಂಗಸು ಖರ್ಜೂರದ ಮರದ ಕೆಳಗೆ ಕೂತು ನ್ಯಾಯ ಹೇಳುತ್ತಿದ್ದಳು ಎಂದಾಗ ನಾನು ಮನೆಗೆ ಓಡಿ ಬಂದು ಆಯಿಗೆ ಹೇಳಿದೆ. ಆಯಿ ಅಂದರೆ ನಮ್ಮಪ್ಪನ ತಾಯಿ. ಖರ್ಜೂರ ಆಕೆಗೆ ತಿಳಿಯಲಿಲ್ಲ, ಈಚಲ ಗಿಡ ಅಂದೆ.

‘ಈಚಲ ಗಿಡದ ಬುಡಕ ನ್ಯಾಯ? ಸೇಂದಿ ಕುಡಿಯೋರು ಕುಂದ್ರಾಕ ಬಿಡ್ತಾರೇನ ಆಕಿಗಿ?’ ಎಂದು ಆಯಿ ನಕ್ಕಳು. ಆಮೇಲೆ, ‘ಗಂಡಸರು ಕೇಳ್ತಿದ್ರಾ ಆಕಿ ಮಾತು?’ ಎಂದು ವಿಚಾರಿಸಿದಳು. ಕೇಳುತ್ತಿದ್ದರು ಎಂದೆ. ‘ಛಲೋ ಊರದು’ ಎಂದಳು.

ಆ ಮಳೆಗಾಲದಲ್ಲೇ ನಮ್ಮಪ್ಪ ನೀರಲ್ಲಿ ಹೋಗಬೇಕಾದವನು ಉಳಿದ. ಅಪ್ಪನದು ತೊಗರಿ ವ್ಯಾಪಾರ. ನಾರಾಯಣಖೇಡಕ್ಕೆ ಗಾಡಿ ಹೊಡೆದುಕೊಂಡು ಹೋಗಿದ್ದ. ಬರುವಾಗ ಮಾಂಜ್ರಾ ತುಂಬಿತ್ತು. ದಂಡೆಯ ಮೇಲಿದ್ದವರೆಲ್ಲ ನೀರು ಇಳಿಯಲಿ ಎಂದರೂ ಕೇಳದೆ ಎತ್ತುಗಳನ್ನು ಇಳಿಸಿದ. ಕೇಳುವುದು ನಮ್ಮಪ್ಪನ ಜಾಯಮಾನದಲ್ಲೇ ಇರಲಿಲ್ಲ. ನಡುವಿಗೆ ಬರುವಷ್ಟರಲ್ಲಿ ಗಾಡಿ ಮಗುಚಿತು, ಒಂದು ಎತ್ತು ಹೋಯಿತು. ದಂಡೆಯ ಮೇಲಿದ್ದ ರಾಯಿಕೋಡಿನ ಬಸಲಿಂಗಪ್ಪ ಎಂಬವರು ಹಾರಿ ಈಜಿ, ಅಪ್ಪನ ರುಮಾಲು ಹಿಡಿದರೆ ಅದು ಬಿಚ್ಚಿಕೊಂಡು ಹೋಗಿ, ಕೊನೆಗೆ ಕೂದಲಿಗೇ ಕೈ ಹಾಕಿ ಎಳೆದು ತಂದರಂತೆ.

ಮರುದಿನ ಅಪ್ಪ ಯಾರದೋ ಗಾಡಿಯಲ್ಲಿ ಮನೆಗೆ ಬಂದ. ಗೆಜ್ಜೆಯ ಸದ್ದು ಕೇಳಿ ಎಲ್ಲರಿಗಿಂತ ಮೊದಲು ಹೊರಗೆ ಓಡಿದವಳು ನೀಲಕ್ಕ. ಕೈಗೆಲ್ಲ ಜೋಳದ ಹಿಟ್ಟು. ಅಪ್ಪ ಆಕೆಯ ತಲೆಯನ್ನು ಎದೆಗೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟ. ಜೀವ ಉಳಿದು ಬಂದವನ ಪ್ರೀತಿ ಎಂದು ನಾವೂ ಅತ್ತೆವು. ಒಳಗೆ ಬಂದು ನೀರು ಕುಡಿದ ಮೇಲೆ ಹೇಳಿದ:

‘ಬಸಲಿಂಗಪ್ಪಗ ಮಾತು ಕೊಟ್ಟೀನಿ. ನೀಲಾನ್ನ ಆತನ ಮನಿ ತುಂಬಿಸ್ತೀನಿ ಅಂತ.’

‘ಆತನ ಮಗಗ?’ ಎಂದಳು ಅವ್ವ.

‘ಮಗಗ ಲಗ್ನ ಆಗ್ಯಾದ. ಆತಗ. ಹೇಣತಿ ಸತ್ತು ವರ್ಷ ಆತು.’

ನೀಲಕ್ಕನಿಗೆ ಆಗ ಹದಿಮೂರು. ಆ ಕಾಲಕ್ಕೆ ಹದಿಮೂರರಲ್ಲಿ ಮದುವೆ ಎಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ, ಅದು ಬೇರೆ ಸಿಟ್ಟು, ಅದನ್ನು ಇನ್ನೊಂದು ದಿನ ಮಾಡುತ್ತೇನೆ. ಆದರೆ ತನಗಿಂತ ದೊಡ್ಡ ಸೊಸೆಗೆ ಅತ್ತೆಯಾಗಿ ಹೋಗುವುದು! ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೂತಳು. ನೀಲಕ್ಕ ಕೈಯ ಹಿಟ್ಟು ತಿಕ್ಕಿಕೊಳ್ಳುತ್ತ ಒಳಗೆ ಹೋದಳು. ಅವತ್ತಿನಿಂದ ಮಾತೇ ನಿಲ್ಲಿಸಿದಳು. ಕರೆದರೆ ಬರುತ್ತಿದ್ದಳು, ಹೇಳಿದ್ದು ಮಾಡುತ್ತಿದ್ದಳು, ಉತ್ತರ ಮಾತ್ರ ಇಲ್ಲ.

ಊರಿಗೇನು, ಹಬ್ಬ. ದಿನಾ ಸಂಜೆ ಕಟ್ಟೆಯ ಮೇಲೆ ಮಂದಿ. ‘ಸಂಗಪ್ಪ ಅಂದ್ರ ಜಬಾನದ ಮನುಷ್ಯಾ’ ಎಂದು ಒಬ್ಬರು ಅಪ್ಪನನ್ನು ಹೊಗಳಿದರು. ‘ಜಾನ್ ಹೋದರೂ ಜಬಾನ್ ಹೋಗಬಾರದು’ ಎಂದರು ಇನ್ನೊಬ್ಬರು, ಜೀವ ಹೋದರೂ ಮಾತು ಹೋಗಬಾರದು ಅಂತ. ಅಪ್ಪ ಹೊಸ ರುಮಾಲು ಸುತ್ತಿಕೊಂಡು, ಕಣ್ಣು ತಗ್ಗಿಸಿ, ದೊಡ್ಡ ತ್ಯಾಗ ಮಾಡಿದವರ ಗತ್ತಿನಲ್ಲಿ ಕೂತಿರುತ್ತಿದ್ದ. ತ್ಯಾಗವಾಗುತ್ತಿದ್ದವಳು ಒಳಗೆ ಅವರಿಗೆಲ್ಲ ಚಹಾ ಕಾಸುತ್ತಿದ್ದಳು.

ಇಂಥ ದಿನಗಳಲ್ಲಿ ಶಾಲೆಯಲ್ಲಿ ಯೆಫ್ತಾಹ ಬಂದ. ಅವನೂ ಆ ಕುಲಗಳವರ ಒಬ್ಬ ಸರದಾರ. ಯುದ್ಧಕ್ಕೆ ಹೊರಡುವಾಗ ಯಾರೂ ಕೇಳದೆ ಒಂದು ಹರಕೆ ಹೊತ್ತ: ಗೆದ್ದು ಬಂದರೆ ನನ್ನ ಮನೆಯ ಬಾಗಿಲಿನಿಂದ ಮೊದಲು ಯಾರು ಎದುರು ಬರುತ್ತಾರೋ ಅವರನ್ನು ದೇವರಿಗೆ ಬಲಿ ಕೊಡುತ್ತೇನೆ. ಗೆದ್ದ. ಮನೆಗೆ ಬಂದ. ದಮ್ಮಡಿ ಬಡಿಯುತ್ತ, ಕುಣಿಯುತ್ತ ಮೊದಲು ಎದುರು ಬಂದವಳು ಅವನ ಒಬ್ಬಳೇ ಮಗಳು.

ನೀಲಕ್ಕನ ಹಿಟ್ಟಿನ ಕೈ ಕಣ್ಣ ಮುಂದೆ ಬಂತು.

ಅವನು ಬಟ್ಟೆ ಹರಕೊಂಡು ಅತ್ತನಂತೆ, ಅತ್ತು ‘ಅಯ್ಯೋ, ನನಗೆಂಥ ದುಃಖ ತಂದೆ’ ಎಂದು ಮಗಳ ಮೇಲೆಯೇ ಹಾಕಿದನಂತೆ. ನೋಡಿ ಅವನ ಧೈರ್ಯ! ಹುಡುಗಿ ಎರಡು ತಿಂಗಳು ಗಡುವು ಕೇಳಿ ಗೆಳತಿಯರ ಜೊತೆ ಗುಡ್ಡಕ್ಕೆ ಹೋಗಿ ಅತ್ತು ಬಂದಳಂತೆ. ಆಮೇಲೆ ಅವನು ಹರಕೆ ತೀರಿಸಿದನಂತೆ.

ನಾನು ಎದ್ದು ನಿಂತೆ. ‘ಟಗರು ಬರಲಿಲ್ಲೇನ್ರಿ ಟೀಚರಮ್ಮಾರೆ?’

ಯಾಕೆಂದರೆ ಅದರ ಹಿಂದಿನ ವರ್ಷ ಅಬ್ರಹಾಮನ ಪಾಠ ಆಗಿತ್ತು. ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದಾಗ ಆಕಾಶದಿಂದ ‘ಬೇಡ’ ಎಂಬ ದನಿ ಬಂತು, ಪೊದೆಯಲ್ಲಿ ಟಗರು ಸಿಕ್ಕಿತು, ಮಗ ಉಳಿದ. ನಾನು ಟಗರಿಗಾಗಿ ಕಾಯುತ್ತಲೇ ಇದ್ದೆ.

‘ಇಲ್ಲವ್ವ.’

‘ಮಗಗ ಟಗರು ಬಂತು, ಮಗಳಿಗಿ ಒಂದು ಕುರಿಮರಿ ಸೈತ ಬರಲಿಲ್ಲೇನ್ರಿ? ದೇವರು ಬ್ಯಾಡ ಅನ್ನಲಿಲ್ಲೇನ್ರಿ?’

ಹುಡುಗಿಯರು ನಕ್ಕರು. ಸುಗುಣಮ್ಮನವರು ನಗಲಿಲ್ಲ. ಬೆತ್ತವನ್ನೂ ಮುಟ್ಟಲಿಲ್ಲ. ಪುಸ್ತಕ ಮುಚ್ಚಿದರು. ‘ನಾನೂ ಸಣ್ಣಾಕಿ ಇದ್ದಾಗ ಮಿಶನ್ನಿನ ದೊರಸಾನಿಯವರಿಗೆ ಇದನ್ನ ಕೇಳಿದ್ದೆ. ಹಾಡು ಹೇಳು ಅಂದ್ರು’ ಎಂದರು. ಆಮೇಲೆ ಮೆಲ್ಲಗೆ, ‘ಒಂದು ಮಾತು ತಿಳಕೋ. ದೇವರು ಈ ಹರಕಿ ಕೇಳಿರಲಿಲ್ಲ. ಇಡೀ ಕಥಿಯೊಳಗ ಅದರ ಬಗ್ಗೆ ದೇವರು ಒಂದ ಮಾತೂ ಆಡಿಲ್ಲ. ಅಂವಾ ತಾನ ಅಂದ, ತಾನ ಮಾಡಿದ.’

ಆ ಹುಡುಗಿಗೆ ಪುಸ್ತಕದಲ್ಲಿ ಹೆಸರೂ ಇಲ್ಲ. ಅಪ್ಪನ ಹೆಸರಿದೆ, ಅವನು ಗೆದ್ದ ಊರುಗಳ ಹೆಸರುಗಳಿವೆ. ಅದೇ ಯೆಫ್ತಾಹ ಮುಂದೆ ತನ್ನದೇ ಬಂಧುಕುಲದ ಮೇಲೆ ಬಿದ್ದ. ನದಿ ದಾಟಲು ಬಂದವರ ಕುಲ ಗುರುತಿಸಲು ಒಂದು ಶಬ್ದ ಹೇಳಿಸಿ ನೋಡುವುದು, ‘ಶ’ ಎನ್ನಲು ಬಾರದೆ ‘ಸ’ ಎಂದವರನ್ನು ಅಲ್ಲೇ ಕಡಿಯುವುದು! ಇದನ್ನು ಕೇಳಿ ನಾನಂತೂ ಬಾಯಿ ಮುಚ್ಚಿಕೊಂಡು ನಾಲಗೆ ಹೊರಳಿಸಿ ನೋಡಿಕೊಂಡೆ. ನಮ್ಮ ಊರಿನ ಹೆಸರಿನ ಮೊದಲ ಅಕ್ಷರವೇ ನಮಗೆ ಸರಿಯಾಗಿ ಬರುತ್ತಿರಲಿಲ್ಲ. ಉರ್ದು ಬಲ್ಲವರು ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟು ಹೇಳುವುದನ್ನು ನಾವು ಜೋಳದ ‘ಜ’ದಿಂದ ಮುಗಿಸುತ್ತಿದ್ದೆವು. ಮಾಂಜ್ರಾ ದಾಟುವಲ್ಲಿ ಯೆಫ್ತಾಹ ನಿಂತಿದ್ದರೆ ನಮ್ಮ ಓಣಿಯಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಅವರಿಗೆ ರಾಜನಿರಲಿಲ್ಲ, ಅದಕ್ಕೇ ಪ್ರತಿಯೊಬ್ಬ ತನಗೆ ಸರಿ ಕಂಡದ್ದನ್ನು ಮಾಡುತ್ತಿದ್ದ ಎಂದು ಪಾಠದ ಸಾರ. ನಮಗೆ ರಾಜನಿದ್ದ. ಹೈದರಾಬಾದಿನಲ್ಲಿ ಅರಮನೆ, ಊರಿಗೊಂದು ಚೌಕಿ, ಅಮೀನ, ಜವಾನ ಎಲ್ಲ ಇದ್ದರು. ಆದರೂ ಮನೆಯ ಹೊಸ್ತಿಲ ಒಳಗೆ ಅಪ್ಪನಿಗೆ ಸರಿ ಕಂಡದ್ದೇ ನಡೆಯುತ್ತಿತ್ತಲ್ಲ!

ಮನೆಗೆ ಬಂದೆ. ಆಯಿ ಹಿತ್ತಲಲ್ಲಿ ಬೀಸುಕಲ್ಲಿನ ಮುಂದೆ ಕೂತಿದ್ದಳು. ಪುಸ್ತಕದ ಚೀಲ ಬಿಸಾಕಿ ಯೆಫ್ತಾಹನಿಗೆ ನನಗೆ ಗೊತ್ತಿದ್ದ ಬೈಗಳೆಲ್ಲ ಬೈಯುತ್ತ ಕಥೆ ಹೇಳಿದೆ. ಆಯಿ ಕಲ್ಲು ನಿಲ್ಲಿಸಿದಳು.

‘ಆ ದೇವರು ಕೇಳಿದ್ನೇನು, ನನಗ ಮನುಷ್ಯಾರ ಬಲಿ ಕೊಡು ಅಂತ?’

‘ಇಲ್ಲಂತ.’

‘ಕೊಡ್ತೀನಿ ಅಂದಾಗ ಹೂಂ ಅಂದ್ನೇನು?’

‘ಏನೂ ಅನ್ನಲಿಲ್ಲಂತ.’

‘ಎರಡು ತಿಂಗಳ ಗಡುವಿತ್ತಲ್ಲ. ಗುಡ್ಡಕ್ಕ ಹೋಗಿ ಅಳೂದ್ರಾಗ ಯಾರರ ಒಬ್ಬರು ಆ ದೇವರ ಗುಡಿಗಿ ಹೋಗಿ, ನಿನಗ ಖರೇನ ಬೇಕಾಗ್ಯಾದೇನು ಅಂತ ಕೇಳಬೇಕಿತ್ತು.’

ಇಷ್ಟು ಹೇಳಿ ಆಯಿ ಮತ್ತೆ ಕಲ್ಲಿಗೆ ಕೈ ಹಾಕಲಿಲ್ಲ. ಹಿಟ್ಟು ಅಲ್ಲೇ ಬಿಟ್ಟು ಎದ್ದಳು. ಮರುದಿನ ಬೆಳಿಗ್ಗೆ ‘ನಾರಾಯಣಖೇಡದಾಗ ತಂಗಿ ಮೊಮ್ಮಗನ ತೊಟ್ಟಿಲ ಅದ’ ಎಂದು ಅಪ್ಪನಿಗೆ ಹೇಳಿ, ಗಾಡಿ ಹೂಡಿಸಿ, ನನ್ನನ್ನೂ ಹತ್ತಿಸಿಕೊಂಡಳು. ದಾರಿಯಲ್ಲಿ ಗಾಡಿಯನ್ನು ರಾಯಿಕೋಡಿನ ಕಡೆ ತಿರುಗಿಸಿದಳು.

ಬಸಲಿಂಗಪ್ಪನವರು ಕೊಟ್ಟಿಗೆಯಲ್ಲಿ ಹೊಟ್ಟೆಯುಬ್ಬರದ ಎತ್ತಿಗೆ ಗೊಟ್ಟದಿಂದ ಔಷಧ ಕುಡಿಸುತ್ತಿದ್ದರು. ಗೊಟ್ಟ ಅಂದರೆ ಬಿದಿರಿನ ಕೊಳವೆ. ನಾನು ರಾಕ್ಷಸನಂಥವನನ್ನು ಎಣಿಸಿಕೊಂಡು ಹೋಗಿದ್ದೆ. ನೋಡಿದರೆ ಅರ್ಧ ನರೆತ, ಸೊರಗಿದ, ಮೈತುಂಬ ಔಷಧ ಚೆಲ್ಲಿಕೊಂಡ ಮನುಷ್ಯ. ನಾವು ಯಾರೆಂದು ತಿಳಿದೊಡನೆ ಗಡಬಡಿಸಿ ಕಂಬಳಿ ಹಾಸಿದರು. ಆಯಿ ಕೂಡಲಿಲ್ಲ.

‘ನನ್ನ ಮಗನ ಜೀವ ಉಳಿಸಿದಿರಿ. ನಿಮ್ಮ ಕಾಲಿಗಿ ಬೀಳಬೇಕು, ಬೀಳ್ತೀನಿ. ಮದಲ ಒಂದು ಮಾತು ಕೇಳಾಕ ಬಂದೀನಿ. ನನ್ನ ಮೊಮ್ಮಗಳನ್ನ ನೀವು ಕೇಳಿದ್ರೇನು?’

‘ಶಿವಾ ಶಿವಾ! ನಾ ಯಾವಾಗ ಕೇಳೀನವ್ವ?’ ಅವರು ಗೊಟ್ಟ ಕೆಳಗಿಟ್ಟರು. ‘ದಂಡಿಗಿ ಎಳದು ಹಾಕಿದಾಗ ನಿಮ್ಮ ಮಗ ನೀರು ಕಕ್ಕೋತ, ನನ್ನ ಮಗಳನ್ನ ನಿಮಗ ಕೊಡ್ತೀನಿ ಅಂದರು. ನೀರು ಕುಡದವರ ಮಾತು ಅಂತ ನಾ ಅಲ್ಲೇ ಬಿಟ್ಟೆ. ಎಂಟು ದಿನದಾಗ ನೋಡತೀನಿ, ಊರಮಂದಿ ಮುಹೂರ್ತ ಯಾವಾಗ ಅಂತ ಕೇಳಾಕ ಹತ್ತಿದ್ರು.’

‘ಮತ್ತ ಬ್ಯಾಡ ಅನಬೇಕಿಲ್ಲ?’

‘ಹೆಂಗ ಅನಲಿ? ದೊಡ್ಡ ಮನುಷ್ಯಾರು ಕೊಟ್ಟ ಮಾತು. ಬ್ಯಾಡಂದ್ರ ಅವರ ಮಾನ ಹೋದೀತು ಅಂತ ಸುಮ್ಮನಿದ್ದೆ.’

‘ಸುಮ್ಮನಿದ್ದಿ!’ ಆಯಿಯ ‘ರಿ’ ಎಲ್ಲ ಅಲ್ಲಿಗೇ ಹಾರಿಹೋಯಿತು. ‘ಒಬ್ಬ ಬಾಯಿ ತಗದ, ಒಬ್ಬ ಬಾಯಿ ಮುಚ್ಚಿದ. ಇಬ್ಬರ ಮಾನಾನೂ ಉಳೀತು. ನಡುವ ಆಕಿ ಏನಾಗಬೇಕು? ಹದಿಮೂರು ವರ್ಷದ ಕೂಸು ಮಾತ ಬಿಟ್ಟು ಕುಂತದ ಅಲ್ಲಿ!’

ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಅವರ ಸೊಸೆ ಮೊರ ನಿಲ್ಲಿಸಿ ನೋಡುತ್ತಿದ್ದಳು. ಆಕೆಯ ಮುಖದ ಮೇಲೆ ಸಂತೋಷ ಎದ್ದು ಕಾಣುತ್ತಿತ್ತು. ಬಸಲಿಂಗಪ್ಪನವರು ತಲೆ ತಗ್ಗಿಸಿದರು. ಅವರಿಗೆ ನಾಚಿಕೆಯಾಗಿದ್ದು ಖರೆ. ಆದರೆ ಆ ನಾಚಿಕೆಯನ್ನು ನಾನು ಇಂದಿಗೂ ಅರ್ಧ ಮಾತ್ರ ಕ್ಷಮಿಸಿದ್ದೇನೆ. ಒಳ್ಳೆಯವರು ಸುಮ್ಮನಿದ್ದು ಮಾಡುವ ಅನ್ಯಾಯಕ್ಕೆ ನಮ್ಮಲ್ಲಿ ಒಂದು ಬೈಗಳೂ ಇಲ್ಲವಲ್ಲ!

‘ನಡೀರಿ. ನಾನ ಬಂದು ಹೇಳ್ತೀನಿ’ ಎಂದು ಅವರು ಕೈಕಾಲು ತೊಳೆದು ನಮ್ಮ ಜೊತೆಯೇ ಹೊರಟರು. ಆಗ ಆಯಿ ಬಗ್ಗಿ ಅವರ ಕಾಲು ಮುಟ್ಟಿದಳು. ತನಗಿಂತ ಕಿರಿಯ ಗಂಡಸಿನ ಕಾಲು. ಅವರು ಹಿಂದೆ ಸರಿದರೂ ಬಿಡಲಿಲ್ಲ. ‘ಇದು ಮಗನ ಜೀವಕ್ಕ’ ಎಂದಳು.

ನಮ್ಮ ಪಡಸಾಲೆಯಲ್ಲಿ ಅವರನ್ನು ಕಂಡು ಅಪ್ಪ ಎದ್ದು ನಿಂತ. ಉಪಚಾರ ಮುಗಿಯುವ ಮೊದಲೇ ಬಸಲಿಂಗಪ್ಪನವರು ಹೇಳಿಬಿಟ್ಟರು, ‘ಸಂಗಪ್ಪನವರೆ, ನಿಮ್ಮ ಮಾತು ನಿಮಗ ತಿರುಗಿ ಕೊಡಾಕ ಬಂದೀನಿ. ನನಗ ಈ ಲಗ್ನ ಬ್ಯಾಡ.’

ಸಂತೋಷ ಪಡಬೇಕಾದ ಅಪ್ಪನ ಮುಖ ಕೆಂಪಾಯಿತು. ‘ಕೊಟ್ಟ ಮಾತು ತಿರುಗಿ ತಗೋಳ ಮನಿತನ ನಮ್ಮದಲ್ಲ. ಊರೆಲ್ಲ ಗೊತ್ತಾಗ್ಯಾದ. ನಾಳಿ ಕಟ್ಟಿ ಮ್ಯಾಲ ಹೆಂಗ ಕುಂದ್ರಲಿ?’

ನೋಡಿದಿರಾ? ಬಸಲಿಂಗಪ್ಪನವರಿಗೆ ಬೇಡ, ಅವ್ವನಿಗೆ ಬೇಡ, ಆಯಿಗೆ ಬೇಡ. ದೇವರಿಗಂತೂ ಸುದ್ದಿಯೇ ಇಲ್ಲ. ನೀಲಕ್ಕನ ಬಲಿ ಬೇಕಾಗಿದ್ದದ್ದು ಕಟ್ಟೆಯ ಮೇಲಿನ ಒಂದು ಮೊಳ ಜಾಗಕ್ಕೆ!

‘ಕೊಡಲೇಬೇಕು ಅಂದ್ರ ಏನರ ನಿಮ್ಮದು ಕೊಡ್ರಿ’ ಎಂದರು ಬಸಲಿಂಗಪ್ಪ.

‘ಮಗಳು ನನ್ನಾಕಿ ಅಲ್ಲೇನು?’

‘ಅಲ್ಲ.’

ದನಿ ಅಡಿಗೆಮನೆಯ ಬಾಗಿಲಿನಿಂದ ಬಂತು. ಇಷ್ಟು ದಿನ ಮುಚ್ಚಿದ್ದ ಬಾಯಿಂದ ಬಂದ ಒಂದೇ ಮಾತು. ನೀಲಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ಅಪ್ಪನ ಮೇಲೆಯೇ. ಬಸಲಿಂಗಪ್ಪನವರು ಎದ್ದು, ಆಕೆಗೇ ಕೈ ಮುಗಿದು, ಚಹಾ ಕೂಡ ಕುಡಿಯದೆ ಹೊರಟುಹೋದರು.

ಆಮೇಲೆ ಊರು ಏನಂದಿತು? ಅಪ್ಪನಿಗೆ ‘ಪಾಪ’ ಎಂದಿತು. ಆಯಿಗೆ ‘ಗಂಡಬೀರಿ’ ಎಂದಿತು. ನೀಲಕ್ಕನಿಗೆ ‘ಹಿರಿಯರಿಗೆ ಎದುರಾಡಿದವಳು, ಯಾರು ಮಾಡಿಕೊಳ್ಳುತ್ತಾರೆ’ ಎಂದಿತು. ಮುಂದೆ ತಾಂಡೂರಿನಿಂದ ಕಲ್ಲುಗಣಿಯ ಗುಮಾಸ್ತೆ ಹುಡುಗನೊಬ್ಬ ನೋಡಲು ಬಂದ. ನೀಲಕ್ಕ ಅವನನ್ನು ಕಿಟಕಿಯ ಸಂದಿಯಿಂದ ಅಳೆದು ನೋಡಿ ‘ಆಗಲಿ’ ಎಂದ ಮೇಲೆಯೇ ಆಯಿ ತಾಂಬೂಲ ಕೊಟ್ಟಳು. ಆಗಲೂ ಊರು ಮೂಗು ಮುರಿಯಿತು. ಊರಿನ ಮೂಗಿಗೆ ಮುರಿಯುವುದು ಬಿಟ್ಟು ಬೇರೆ ಕೆಲಸ ಎಲ್ಲಿತ್ತು?

ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಅವತ್ತಿನ ಮಧ್ಯಾಹ್ನ. ಅತಿಥಿ ಹೋದ ಮೇಲೆ ಅಪ್ಪ ಕಂಬಕ್ಕೆ ಒರಗಿ ಬಹಳ ಹೊತ್ತು ಕೂತಿದ್ದ. ಕೊನೆಗೆ ಹಸಿವೇ ಗೆದ್ದಿತು. ಏನೂ ಆಗಿಲ್ಲವೆನ್ನುವ ದನಿಯಲ್ಲಿ, ‘ನೀಲಾ, ಊಟಕ್ಕ ನೀಡು’ ಎಂದ.

‘ಒಳಗ ಅದ. ನೀಡ್ಕೋರಿ’ ಎಂದಳು ನೀಲಕ್ಕ.

ಅವ್ವ ಗಾಬರಿಯಾಗಿ ಎದ್ದಳು. ಆಯಿ ಆಕೆಯ ಸೆರಗು ಹಿಡಿದು ಕೂಡಿಸಿದಳು. ಅಪ್ಪ ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. ಆಮೇಲೆ ಎದ್ದು, ಹುಟ್ಟಿದಾಗಿನಿಂದ ಕಾಲಿಡದಿದ್ದ ಅಡಿಗೆಮನೆಗೆ ತಲೆ ತಗ್ಗಿಸಿ ಹೋದ. ಮುಚ್ಚಳ ಬಿದ್ದ ಸದ್ದು, ಗಡಿಗೆಗೆ ಗಡಿಗೆ ತಾಗಿದ ಸದ್ದು. ಹೊರಗೆ ಬಂದಾಗ ಗಂಗಾಳದಲ್ಲಿ ಎರಡು ರೊಟ್ಟಿ, ಬಟ್ಟಲ ತುಂಬ ಕಂದು ಬಣ್ಣದ ನೀರು. ಹುಣಸೆಹಣ್ಣು ನೆನೆಹಾಕಿದ ನೀರನ್ನು ಸಾರು ಎಂದುಕೊಂಡು ಬಗ್ಗಿಸಿಕೊಂಡು ಬಂದಿದ್ದ.

ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟ. ಮುಖ ಮುದುಡಿತು. ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. ತಪ್ಪಾಯಿತು ಎಂದು ಒಪ್ಪಿಕೊಂಡರಲ್ಲವೇ ಬಿಡುವುದು! ಒಂದು ರೊಟ್ಟಿ ಹಾಗೆಯೇ ಮುಗಿಸಿದ. ಎರಡನೆಯದಕ್ಕೆ ಕೈ ಹಾಕಿದಾಗ ನೀಲಕ್ಕ ಹತ್ತಿರ ಬಂದು ನಿಂತಳು.

‘ಅದು ಸಾರಲ್ಲ. ಹುಣಸಿ ನೀರು.’

ಅಪ್ಪ ಬಟ್ಟಲು ನೋಡಿದ, ಮಗಳನ್ನು ನೋಡಿದ. ‘ಮದಲ ಹೇಳಬಾರದಾ?’ ಎಂದ.

‘ನೀವೆಲ್ಲಿ ಕೇಳಿದ್ರಿ?’ ಎಂದಳು ನೀಲಕ್ಕ.